ರಾತ್ರಿ ಊಟ ಬಿಟ್ಟವನು

ನಾನು ಕುಡಿಯುತ್ತಿದ್ದೆ ಎಂದು ಹೇಳಲು ಈಗ ಅಷ್ಟು ಕಷ್ಟವಾಗುವುದಿಲ್ಲ. ಕುಡಿತದ ಜೊತೆ ಏನು ತಿನ್ನುತ್ತಿದ್ದೆ ಎಂದು ಹೇಳುವುದು ಕಷ್ಟ. ಆಸ್ಪತ್ರೆಯಲ್ಲಿ ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ, ಪಕ್ಕದ ಹಾಸಿಗೆಯವರಿಗೂ ಕೇಳಿಸುವಷ್ಟು ಜೋರಾಗಿ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಕೇಳಿದಾಗ ನನ್ನ ಬದಲು ನನ್ನ ಮಗಳು ಉತ್ತರ ಕೊಟ್ಟಳು. ನಾನು ಸುಮ್ಮನೆ ಮಲಗಿದ್ದೆ.

ನಮ್ಮೂರು ತಾಳಿಕೋಟಿ. ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದಿದೆ. ಸಿಕಂದರಾಬಾದಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುತ್ತೇನೆ. ಮನೆ ಮಿಯಾಪುರದಲ್ಲಿ. ಓದಿದ್ದು ಪಿಯುಸಿವರೆಗೆ. ಬರೆದು ಅಭ್ಯಾಸವಿಲ್ಲ. ನನ್ನಂಥವರು ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಇನ್ನೂ ಬಹಳ ಜನ ಕೂತಿದ್ದನ್ನು ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ಸುವರ್ಣಾ ಕಿಡ್ನಿ ಕಾಯಿಲೆಯಿಂದ ತೀರಿಕೊಂಡಳು. ಆ ಕಾಯಿಲೆಯ ಬಗ್ಗೆ ಬರೆಯಲು ನನಗೆ ಇನ್ನೂ ಆಗುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ರಾತ್ರಿ ನಾನು ಮನೆಗೆ ಬರುವವರೆಗೆ ಅವಳು ಉಣ್ಣುತ್ತಿರಲಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ದಿನವೂ ಗೋಡೆಗೆ ಒರಗಿ ಕೂತು ಕಾಯುತ್ತಿದ್ದಳು. ‘ಹೊತ್ತಾಗೈತಿ, ಉಣ್ಣಬಾರದಾ?’ ಎಂದರೆ, ‘ಒಬ್ಬಾಕಿಗೆ ಗಂಟಲದಾಗ ಇಳಿಯೂದಿಲ್ರಿ’ ಎನ್ನುತ್ತಿದ್ದಳು.

ನಮ್ಮ ಕಡೆ ಸತ್ತವರ ಹೆಸರಿನಲ್ಲಿ ಏನಾದರೂ ತಿನ್ನುವುದನ್ನು ಬಿಡುವ ಪದ್ಧತಿಯಿದೆ. ಎಲ್ಲರ ಮನೆಯಲ್ಲೂ ಇದೆ ಎಂದಲ್ಲ, ನಮ್ಮ ಮನೆತನದಲ್ಲಿದೆ. ಕಾರ್ಯದ ದಿನ ನೆಂಟರೆಲ್ಲ ಕೂತಿರುವಾಗ ಹಿರಿಯರು ಕೇಳುತ್ತಾರೆ, ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ನನ್ನ ಅಕ್ಕ ನೀಲಮ್ಮ ಬದನೆಕಾಯಿ ಬಿಟ್ಟಳು. ನಮ್ಮ ಕಡೆಯವರಿಗೆ ಎಣ್ಣೆಗಾಯಿ ಬಿಡುವುದೆಂದರೆ ಸಣ್ಣ ಮಾತಲ್ಲ. ಮಗಳು ರೂಪಾ ಶೇಂಗಾ ಹೋಳಿಗೆ ಬಿಟ್ಟಳು, ಅವಳ ಅವ್ವ ಚೆನ್ನಾಗಿ ಮಾಡುತ್ತಿದ್ದದ್ದು ಅದೇ. ಸರದಿ ನನಗೆ ಬಂದಾಗ ನಾನು ಏನನ್ನೂ ಯೋಚಿಸಿಟ್ಟಿರಲಿಲ್ಲ. ಬಾಯಿಗೆ ಬಂದದ್ದು, ‘ನಾ ರಾತ್ರಿ ಊಟಾ ಬಿಟ್ಟೆ.’

ಯಾರೋ ಒಬ್ಬರು ‘ಜೀವಪೂರ್ತಿ?’ ಎಂದು ಕೇಳಿದರು. ‘ಹೂಂ’ ಎಂದೆ. ಅಕ್ಕ ಸೆರಗು ಬಾಯಿಗೆ ಹಿಡಿದು ಅತ್ತಳು. ಆ ಹೊತ್ತಿನಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ಇನ್ನು ಮೇಲೆ ರಾತ್ರಿ ಹೊತ್ತು ನನಗಾಗಿ ಕಾಯುವವರು ಇಲ್ಲದ ಮೇಲೆ ನನಗೆ ಊಟವೇಕೆ ಎಂದು ನಿಜವಾಗಿಯೂ ಅನಿಸಿತ್ತು.

ಬಿಟ್ಟ ಮೇಲೆ ಗೊತ್ತಾಯಿತು, ಗೋದಾಮಿನಲ್ಲಿ ದಿನವಿಡೀ ಎತ್ತಿ ಇಳಿಸಿ ಸಂಜೆ ಏಳಕ್ಕೆ ಹೊರಬೀಳುವ ಮನುಷ್ಯನಿಗೆ ಹಸಿವೆಂದರೆ ಏನೆಂದು. ಮನೆಗೆ ಹೋದರೆ ಊಟವಿಲ್ಲ ಎಂದು ತಿಳಿದಿರುವ ಹಸಿವೆ ಇನ್ನೂ ಕೆಟ್ಟದು. ಅಂಗಡಿಯ ಸಾಮಾನು ಸಾಗಿಸುವ ಆಟೋ ಓಡಿಸುವ ಯಾದಗಿರಿ ನನ್ನ ಹಳೆಯ ಸ್ನೇಹಿತ. ತಿಂಗಳಿಗೊಂದು ಸಲ ಪಗಾರದ ದಿನ ಅವನ ಜೊತೆ ಒಂದೆರಡು ಗುಟುಕು ಕುಡಿಯುವುದು ಮೊದಲಿನಿಂದಲೂ ಇತ್ತು, ಸುವರ್ಣಾಗೂ ಅದು ಗೊತ್ತಿತ್ತು. ಅವಳು ಹೋದ ಮೇಲೆ ಅದು ವಾರಕ್ಕೊಮ್ಮೆ ಆಯಿತು, ಆಮೇಲೆ ಹೆಚ್ಚುಕಡಿಮೆ ದಿನಾ ಆಯಿತು.

ಇಲ್ಲಿ ವೈನ್ ಶಾಪಿಗೆ ಅಂಟಿಕೊಂಡು ಒಂದು ಕೋಣೆ ಇರುತ್ತದೆ, ಪರ್ಮಿಟ್ ರೂಮ್ ಎನ್ನುತ್ತಾರೆ. ನಿಂತು ಕುಡಿಯುವಷ್ಟು ಎತ್ತರದ ಕಲ್ಲುಹಾಸು, ಪ್ಲಾಸ್ಟಿಕ್ ಲೋಟ, ಮೂಲೆಯಲ್ಲಿ ಬೆಳಗಿನಿಂದ ಕಾಯುತ್ತಿರುವ ಎಣ್ಣೆಯ ಬಾಣಲೆ. ಕುಡಿತದ ಜೊತೆ ತಿನ್ನುವುದಕ್ಕೆ ಚಕ್ನಾ ಎಂದು ಹೆಸರು. ಮೊದಮೊದಲು ನಾನು ಶೇಂಗಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕೊರಳಲ್ಲಿ ಲಿಂಗವಿರುವ ಮನೆತನ ನಮ್ಮದು, ಮನೆಯೊಳಗೆ ಮೊಟ್ಟೆ ಕೂಡ ಬಂದಿಲ್ಲ. ಆದರೆ ಒಂದು ಸಂಜೆ ಯಾದಗಿರಿ ತನ್ನ ತಟ್ಟೆಯನ್ನು ನನ್ನ ಕಡೆ ತಳ್ಳಿದ.

‘ತಿನಕುಂಡ ತಾಗಿತೇ ಪೋತಂ ಅನ್ನಾ’ ಎಂದ. ತಿನ್ನದೆ ಕುಡಿದರೆ ಹೋಗಿಬಿಡುತ್ತೇವೆ ಎಂದು. ‘ನೀನು ಮನೇಲಿ ಉಣ್ಣೋದಿಲ್ಲ, ಇಲ್ಲೂ ತಿನ್ನೋದಿಲ್ಲ. ನಾಳೆ ನಿನ್ನ ಹೊರೋರು ಯಾರು? ನನ್ನ ಆಟೋ ಪೈಪಿಗೆ ಐತಿ, ಹೆಣಕ್ಕಲ್ಲ’ ಎಂದು ತೆಲುಗಿನಲ್ಲಿ ಹೇಳಿ ನಕ್ಕ.

ತಟ್ಟೆಯಲ್ಲಿ ಇದ್ದದ್ದು ಕಲೇಜಿ, ಎಂದರೆ ಕುರಿಯ ಯಕೃತ್ತು, ಕಾರ ಹಾಕಿ ಹುರಿದದ್ದು. ಹಸಿದಿದ್ದೆ. ತಿಂದೆ. ಆಮೇಲೆ ಮೊಟ್ಟೆ, ಆಮೇಲೆ ಕೋಳಿ ಪಕೋಡಿ, ಮಿರ್ಚಿ ಬಜ್ಜಿ, ಆಮೇಲೆ ಬೋಟಿ. ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ತಿನ್ನುತ್ತಿದ್ದೆ. ಹಿಂದಿಯಲ್ಲಿ ತರಲು ಹೇಳುತ್ತಿದ್ದೆ, ತೆಲುಗಿನಲ್ಲಿ ಇನ್ನೊಂದು ಪ್ಲೇಟ್ ಕೇಳುತ್ತಿದ್ದೆ. ಆ ಪದಾರ್ಥಗಳ ಹೆಸರನ್ನು ಕನ್ನಡದಲ್ಲಿ ನಾನು ಒಮ್ಮೆಯೂ ನನ್ನೊಳಗೇ ಕೂಡ ಹೇಳಿಕೊಂಡಿರಲಿಲ್ಲ. ಕನ್ನಡ ಮನೆಯ ಮಾತು. ಮನೆಗೆ ಹೋದ ಮೇಲೆ ನಾನು ರಾತ್ರಿ ಊಟ ಬಿಟ್ಟವನು.

ಇನ್ನೊಂದು ದಡ್ಡತನವನ್ನೂ ಹೇಳಬೇಕು. ನನಗೆ ಬಿಪಿ ಇತ್ತು, ಸಂಜೆ ಒಂದು ಮಾತ್ರೆ ನುಂಗಬೇಕಿತ್ತು. ಮಾತ್ರೆ ಮತ್ತು ಮದ್ಯ ಒಟ್ಟಿಗೆ ಹೊಟ್ಟೆಗೆ ಹೋಗಬಾರದು ಎಂದು ಪರ್ಮಿಟ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆದ್ದರಿಂದ ಕುಡಿಯುವ ದಿನ ಮಾತ್ರೆ ಬಿಡುತ್ತಿದ್ದೆ. ಎಚ್ಚರಿಕೆಯ ಮನುಷ್ಯ ಎಂದು ನನ್ನ ಬಗ್ಗೆ ನನಗೇ ಒಂದು ಹೆಮ್ಮೆಯಿತ್ತು.

ರೂಪಾ ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸಂಸ್ಥೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಸಾಮಾನ್ಯವಾಗಿ ನನಗಿಂತ ಮೊದಲೇ ಮನೆ ಸೇರಿ, ಉಂಡು, ಮೊಬೈಲು ನೋಡುತ್ತಾ ಮಲಗಿರುತ್ತಿದ್ದಳು. ಒಂದು ದಿನ ಹೊಸ ಬ್ಯಾಚ್ ಸೇರಿದ್ದಕ್ಕೆ ಅವಳಿಗೆ ತಡವಾಯಿತು. ನಾನು ಮೆಟ್ರೋ ಹತ್ತುವ ಹೊತ್ತಿಗೆ ಫೋನ್ ಬಂತು. ‘ಅಪ್ಪಾ, ನಾನೂ ಅಮೀರ್‌ಪೇಟದಾಗ ಅದೀನ್ರಿ. ನೀವು ಗಾಡಿ ಬದಲಿ ಮಾಡೂ ಕಡೆ ನಿಂತಿರ್ತೀನಿ, ಕೂಡೇ ಹೋಗೂಣು.’

ಎದೆಯಲ್ಲಿ ಉರಿ ಅದಾಗಲೇ ಶುರುವಾಗಿತ್ತು. ಮಿರ್ಚಿ ಬಜ್ಜಿಯದು ಎಂದುಕೊಂಡೆ. ಅಮೀರ್‌ಪೇಟ್ ಬರುವಷ್ಟರಲ್ಲಿ ಉರಿ ಹೋಗಿ ಹಿಂಡತೊಡಗಿತು, ಎಡಗೈ ಭಾರವಾಯಿತು, ಅಂಗಿ ಬೆವರಿನಿಂದ ಒದ್ದೆಯಾಯಿತು. ಆಗಲೂ ನನಗಿದ್ದ ಚಿಂತೆ ಎದೆಯದಲ್ಲ, ಬಾಯಿಯದು. ವಾಸನೆ ಮುಚ್ಚಲು ದಿನಾ ಜಗಿಯುತ್ತಿದ್ದ ಸೋಂಪು ಮುಗಿದಿತ್ತು. ಎಸ್ಕಲೇಟರಿನ ಮೇಲ್ತುದಿಯಲ್ಲಿ ರೂಪಾ ಕೈ ಬೀಸುತ್ತಿದ್ದಳು. ನಾನು ಇನ್ನೊಂದು ಕಡೆಗೆ ತಿರುಗಿ, ಅವಳನ್ನು ಕಾಣದವನಂತೆ ಪ್ಲಾಟ್‌ಫಾರ್ಮಿನ ಕೊನೆಗೆ ನಡೆದೆ. ಅವಳು ಓಡಿ ಬಂದಳು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

‘ವಾಂತಿ ಬರಾಕತ್ತೈತೇನ್ರಿ?’

ತಲೆಯಾಡಿಸಿದೆ. ಬಾಯಿ ಬಿಡಲಿಲ್ಲ. ಎದೆ ನೋವು ಎಂದು ಹೇಳಿದ್ದರೆ ಅಲ್ಲೇ ಯಾರಾದರೂ ಬರುತ್ತಿದ್ದರು. ಮಿಯಾಪುರದ ಗಾಡಿ ಬಂದು ಹೋಯಿತು, ನಾನು ಹತ್ತಲಿಲ್ಲ, ಕೂಡಲಿಲ್ಲ, ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಆಮೇಲೆ ಕಾಲು ಸೋತು ಕುಸಿದೆ. ಹೀಗೂ ಮನುಷ್ಯ ಸಾಯಬಹುದು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ, ಮಗಳಿಗೆ ವಾಸನೆ ಬರಬಾರದೆಂದು.

ನಿಲ್ದಾಣದ ಗಾರ್ಡ್ ಒಬ್ಬ ಗಾಲಿಕುರ್ಚಿ ತಂದ. ನನ್ನನ್ನು ಎತ್ತುವಾಗ ಅವನ ಮುಖ ನನ್ನ ಮುಖಕ್ಕೆ ಹತ್ತಿರ ಬಂತು. ಅವನಿಗೆ ವಾಸನೆ ಹೊಡೆದದ್ದು ಅವನ ಮೂಗಿನಲ್ಲೇ ಕಂಡಿತು. ಬೈಯಲಿಲ್ಲ. ‘ಏಂ ಕಾದು ಬಾಬಾಯ್, ಏಂ ಕಾದು’ ಎನ್ನುತ್ತಾ, ಏನೂ ಆಗುವುದಿಲ್ಲ ಚಿಕ್ಕಪ್ಪಾ ಎಂದು, ಲಿಫ್ಟಿನವರೆಗೂ ನನ್ನ ಭುಜ ಹಿಡಿದುಕೊಂಡೇ ಇದ್ದ. ಅವನ ಹೆಸರು ಕೇಳಲು ನನಗೆ ಆಗಲಿಲ್ಲ.

ಎಮರ್ಜೆನ್ಸಿಯಲ್ಲಿ ಒಬ್ಬ ಎಳೆಯ ಡಾಕ್ಟರು ನನ್ನ ಎದೆಗೆ ವೈರು ಅಂಟಿಸುತ್ತಾ ಹಿಂದಿಯಲ್ಲಿ ಕೇಳಿದರು, ‘ಶರಾಬ್ ಪೀತೇ? ರೋಜ್?’ ದಿನಾ ಕುಡಿಯುತ್ತೀರಾ ಎಂದು. ಪರದೆಯ ಆಚೆ ರೂಪಾ ನಿಂತಿದ್ದಳು, ಅವಳ ಚಪ್ಪಲಿ ಕಾಣುತ್ತಿತ್ತು. ನಾನು ‘ಕಭೀ ಕಭೀ’, ಆಗೊಮ್ಮೆ ಈಗೊಮ್ಮೆ ಎಂದೆ. ‘ಆಜ್?’ ಎಂದರು. ಉತ್ತರ ಬೇಕಾಗಿರಲಿಲ್ಲ. ‘ಖಾನಾ ಕಬ್ ಖಾಯಾ?’, ಊಟ ಯಾವಾಗ ಮಾಡಿದಿರಿ ಎಂದು ಕೇಳಿದಾಗ ಪರದೆಯ ಆಚೆಯಿಂದ ರೂಪಾಳ ದನಿ ಬಂತು. ‘ಸರ್, ರಾತ್ ಕೋ ಕುಛ್ ನಹೀ ಖಾತೇ. ಮಮ್ಮೀ ಕೇ ನಾಮ್ ಸೇ ಛೋಡ್ ದಿಯೇ.’ ರಾತ್ರಿ ಏನೂ ತಿನ್ನುವುದಿಲ್ಲ, ಅವ್ವನ ಹೆಸರಿನಲ್ಲಿ ಬಿಟ್ಟಿದ್ದಾರೆ ಎಂದು. ಡಾಕ್ಟರು ಒಂದು ಕ್ಷಣ ನನ್ನನ್ನು ನೋಡಿದರು. ಆ ನೋಟದಲ್ಲಿ ಮರ್ಯಾದೆ ಇತ್ತು.

ಸ್ಟೆಂಟ್ ಹಾಕಿದರು. ಅದರ ವಿವರ ಬೇಡ, ಬಲಗೈ ಮಣಿಕಟ್ಟಿನಲ್ಲಿ ಒಂದು ಸಣ್ಣ ಗಾಯ, ಅಷ್ಟೇ. ಬೆಳಿಗ್ಗೆ ರೂಪಾ ಹಾಸಿಗೆಯ ಪಕ್ಕ ಕೂತಿದ್ದಳು, ಕಣ್ಣು ಊದಿದ್ದವು.

‘ಕುಡದ್ರೆಂತ ನಾ ಸಿಟ್ಟ ಆಗೂದಿಲ್ರಿ ಅಪ್ಪಾ’ ಎಂದಳು. ‘ಅವ್ವ ಇಲ್ಲದ ಮನಿ ನನಗೂ ಬ್ಯಾಸರ ಐತಿ. ಆದ್ರ ಖಾಲಿ ಹೊಟ್ಟೀಲೆ ಕುಡದ್ರಲ್ಲ, ಅದನ್ನ ನೆನಿಸಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಕ್ಕೈತಿ. ನಾನೊಬ್ಬಾಕಿ ಬೆಚ್ಚಗ ಉಂಡು ಮಕ್ಕೊಂಡಿರ್ತಿದ್ನಿ.’

ಹೇಳಬೇಕಾದದ್ದು ಆಗಲೇ. ಬಾಯಿ ತೆರೆದೆ ಕೂಡ. ‘ನೀರು’ ಎಂದೆ.

ಯಾದಗಿರಿ ನೋಡಲು ಬಂದ. ರೂಪಾ ಹೊರಗೆ ಹೋದಾಗ ಬಗ್ಗಿ ಕಿವಿಯಲ್ಲಿ ಕೇಳಿದ, ‘ಬೋಟಿ ಬಂದ್ ಅಂದ್ರಾ ಅನ್ನಾ? ಪಲ್ಲೀಲು ಆದ್ರೂ ನಡೀತದಂತಾ?’ ಪಲ್ಲೀಲು ಎಂದರೆ ಶೇಂಗಾ. ನಾನು ಅವನ ಕೈ ಹಿಡಿದು, ಇಲ್ಲಿ ಆ ಮಾತು ಬೇಡ ಎಂದೆ. ಅವನ ನಗು ನಿಂತಿತು. ‘ನಿಮ್ಮ ಹುಡುಗಿಗೆ ಗೊತ್ತಿಲ್ವಾ?’ ಎಂದ. ಆಮೇಲೆ ಅವನು ಇದ್ದಷ್ಟು ಹೊತ್ತೂ ನನಗಿಂತ ಹೆಚ್ಚು ನಾಚಿಕೊಂಡು ಕೂತಿದ್ದ. ಅವನಿಗೆ ಮಾಂಸ ತಿನ್ನುವುದು ಹಬ್ಬದ ಮಾತು. ಮರೆಮಾಚಬೇಕಾದ ಹೊಲಸಾಗಿ ಅದನ್ನು ಮಾಡಿದ್ದು ನಾನು.

ಮನೆಗೆ ಹೋದ ಸ್ವಲ್ಪ ದಿನಕ್ಕೆ ತಪಾಸಣೆಗೆ ಕರೆದಿದ್ದರು. ಹೃದಯದ ವಿಭಾಗದ ಕಾರಿಡಾರಿನಲ್ಲಿ ಜನ ಒಬ್ಬರನ್ನೊಬ್ಬರು ಊರು ಕೇಳುವುದಿಲ್ಲ. ‘ಸ್ಟೆಂಟಾ, ಬೈಪಾಸಾ?’ ಎಂದು ಕೇಳುತ್ತಾರೆ. ಪಕ್ಕದಲ್ಲಿದ್ದವರು ಸ್ಟೆಂಟ್. ಸ್ವಲ್ಪ ಹೊತ್ತಿಗೆ ದನಿ ತಗ್ಗಿಸಿ ‘ಮೀರೂ ಮಂದೇನಾ?’ ಎಂದರು, ನೀವೂ ಕುಡಿತವೇನಾ ಎಂದು. ಹೌದೆಂದೆ. ಅವರ ಹೆಂಡತಿ ನನ್ನನ್ನು ನೋಡದೆ ಎದುರಿನ ಗೋಡೆಗೆ ಹೇಳಿದರು, ಕುಡಿಯುವಾಗ ಒಂದು ಕುರಿ, ಕುಡಿದು ಬಂದು ಮನೆಯಲ್ಲಿ ಒಂದು ಕೋಳಿ, ಮೇಲೆ ಬಿರಿಯಾನಿ, ಇಂಥವರಿಗೆ ಸ್ಟೆಂಟ್ ಅಲ್ಲ, ಬಾಯಿಗೆ ಬೀಗ ಹಾಕಬೇಕಿತ್ತು ಎಂದು. ಸುತ್ತ ಕೂತ ಗಂಡಸರೆಲ್ಲ ನಕ್ಕರು. ಪಕ್ಕದವರೂ ನಕ್ಕರು. ನನಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಅವರದು ಎಲ್ಲವೂ ಗೊತ್ತಿರುವ ಹೆಂಡತಿ.

ರೂಪಾ ಮಾತ್ರೆ ತರಲು ಹೋದ ಸಮಯದಲ್ಲಿ ನನ್ನನ್ನು ಡಯಟೀಶಿಯನ್ ಒಳಗೆ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರು ನೋಡುತ್ತಲೇ, ‘ಅಂಕಲ್, ಪೀನಾ ತೋ ಲಿಖಾ ಹೈ. ಸಾಥ್ ಮೇ ಕ್ಯಾ ಖಾತೇ ಥೇ?’ ಎಂದರು, ಕುಡಿತ ಬರೆದಿದ್ದಾರೆ, ಜೊತೆಗೆ ಏನು ತಿನ್ನುತ್ತಿದ್ದಿರಿ ಎಂದು.

ಕಲೇಜಿ, ಅಂಡಾ, ಪಕೋಡಿ, ಬೋಟಿ ಎಂದು ಸರಾಗವಾಗಿ ಹೇಳಿದೆ. ಹಿಂದಿಯಲ್ಲಿ ಎಷ್ಟು ಸುಲಭವಾಗಿ ಬಂತು ಎಂದು ನನಗೇ ಆಶ್ಚರ್ಯವಾಯಿತು. ಮಾತ್ರೆ ಬಿಡುತ್ತಿದ್ದದ್ದನ್ನೂ ಹೇಳಿದೆ. ಆಕೆ ತಲೆಯೆತ್ತಿ ನಕ್ಕರು. ‘ಸಬ್ ಯಹೀಚ್ ಬೋಲ್ತೇ ಅಂಕಲ್’ ಎಂದರು, ಎಲ್ಲರೂ ಇದನ್ನೇ ಹೇಳುತ್ತಾರೆ ಎಂದು. ಜೊತೆಗೆ ತಿಂದರೆ ಕುಡಿದದ್ದರ ಕೆಡುಕು ಕಡಿಮೆಯಾಗುತ್ತದೆ ಎಂದುಕೊಳ್ಳುತ್ತಾರೆ, ಆ ಉಪ್ಪು, ದಿನಗಟ್ಟಲೆ ಕಾದ ಆ ಎಣ್ಣೆ, ಅದು ಇನ್ನೊಂದು ಕಡೆಯಿಂದ ಹೃದಯದ ಮೇಲೆ ಕೂಡುತ್ತದೆ ಎಂದು ಯಾರೂ ತಿಳಿಯುವುದಿಲ್ಲ ಎಂದರು. ಬೈಯಲಿಲ್ಲ. ಕುಡಿತ ಬಿಡಬೇಕು, ಅದು ಆಯಿತು. ರಾತ್ರಿ ಎಂಟಕ್ಕೆ ಮನೆಯಲ್ಲಿ ಊಟ ಮಾಡಬೇಕು, ಜೋಳದ ರೊಟ್ಟಿ ಒಳ್ಳೆಯದು, ಪಲ್ಯ, ಬೇಳೆ, ಉಪ್ಪಿನಕಾಯಿ ಹಪ್ಪಳ ಬೇಡ.

ಅಷ್ಟರಲ್ಲಿ ರೂಪಾ ಮಾತ್ರೆಯ ಚೀಲ ಹಿಡಿದು ಒಳಗೆ ಬಂದಳು. ಡಯಟೀಶಿಯನ್ ಅವಳಿಗೆ ಹೇಳಿದರು, ರಾತ್ರಿ ಊಟ ತಪ್ಪಿಸುವಂತಿಲ್ಲ. ‘ಮೇಡಂ, ಅವರು ಬಿಟ್ಟಿದ್ದಾರೆ’ ಎಂದು ರೂಪಾ ಮತ್ತೆ ಆ ಕತೆ ಹೇಳಿದಳು. ಆಕೆ ನನ್ನ ಕಡೆ ನೋಡಿದರು. ನಾನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೃದಯವನ್ನು ನೋಡುತ್ತಾ ಕೂತೆ. ನಾನು ಹೇಳಿದ್ದನ್ನು ಆಕೆ ಬಯಲು ಮಾಡಲಿಲ್ಲ, ‘ಊಟ ಮಾಡಿಸಿ ಅಮ್ಮಾ, ಏನಾದರೂ ಮಾಡಿ’ ಎಂದರು. ಆ ಒಂದು ಉಪಕಾರ ನನಗೆ ಬಹಳ ದುಬಾರಿಯಾಯಿತು.

ಮನೆಗೆ ಬಂದು ರೂಪಾ ಊರಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟಳು. ‘ಅತ್ತಿ, ಅಪ್ಪ ರಾತ್ರಿ ಉಣ್ಣಬೇಕಂತ ಡಾಕ್ಟರ್ ಹೇಳ್ಯಾರ್ರಿ. ಬಿಟ್ಟದ್ದನ್ನ ಮುರದ್ರ ಅವ್ವಗ ಏನರ ಆದೀತೇನ್ರಿ?’

ಅಕ್ಕ ಊರಿನ ಪದ್ಧತಿ ನೆನೆಸಿಕೊಂಡು ಹೇಳಿದಳು. ‘ಮುರಿಯೂದು ಬ್ಯಾಡವಾ. ಮನಿ ಮಂದಿ ಯಾರರ ಒಬ್ರು ಹೊತ್ಕೊಂಡ್ರ ನಡೀತೈತಿ. ನಾ ಹೊತ್ಕೋತಿದ್ನಿ, ಆದ್ರ ನನಗ ಸಕ್ಕರಿ ಬ್ಯಾನಿ ಐತಿ.’

‘ನಾ ಅದೀನಲ್ರಿ’ ಎಂದಳು ರೂಪಾ.

‘ಹುಚ್ಚಿ, ಬ್ಯಾಡ’ ಎಂದೆ ನಾನು. ‘ನೀ ಸಣ್ಣಾಕಿ. ನಾಳೆ ಲಗ್ನ ಆಗಾಕಿ. ಜೀವಪೂರ್ತಿ ಅಂದ್ರೇನು ತಿಳದಿ?’

‘ನಿಮಗ ಹೆಂಗ ತಿಳದಿತ್ತೋ ಹಂಗ ನನಗೂ ತಿಳದೈತ್ರಿ.’ ಅವಳು ಕೈಕಾಲು ತೊಳೆದುಕೊಂಡು ಬಂದು ಅವ್ವನ ಫೋಟೋದ ಮುಂದೆ ವಿಭೂತಿ ಹಚ್ಚಿಕೊಂಡು ನಿಂತಳು. ‘ಅವ್ವಾ, ಅಪ್ಪನ್ನ ಬಿಟ್ಟಬಿಡು. ಇನ್ನ ಮ್ಯಾಲ ನಾ ರಾತ್ರಿ ಉಣ್ಣೂದಿಲ್ಲ’ ಎಂದಳು. ಫೋನಿನೊಳಗೆ ಅಕ್ಕ ಅಳುತ್ತಿದ್ದಳು. ಸುವರ್ಣಾ ಫೋಟೋದಲ್ಲಿ ಎಂದಿನಂತೆ ಸ್ವಲ್ಪ ಓರೆಯಾಗಿ ನೋಡುತ್ತಿದ್ದಳು.

ಆಮೇಲಿನ ದಿನಗಳ ಹಾಗೆ ನಾನು ಜೀವನದಲ್ಲಿ ಯಾವ ದಿನವನ್ನೂ ಕಳೆದಿಲ್ಲ. ರಾತ್ರಿ ಎಂಟಕ್ಕೆ ರೂಪಾ ನನ್ನ ಮುಂದೆ ತಟ್ಟೆ ಇಡುತ್ತಿದ್ದಳು. ಉಪ್ಪು ಕಡಿಮೆ ಹಾಕಿದ ಪಲ್ಯ, ಎಣ್ಣೆ ಕಾಣದ ಬೇಳೆ, ಅವಳೇ ಬಡಿದ ರೊಟ್ಟಿ. ಆಫೀಸಿನಿಂದ ದಣಿದು ಬಂದು ಬಡಿದದ್ದು. ನನಗೆ ಬಡಿಸಿ ಎದುರಿಗೆ ಒಂದು ಲೋಟ ನೀರು ಹಿಡಿದು ಕೂತಿರುತ್ತಿದ್ದಳು. ‘ಇನ್ನೊಂದು ಹಾಕಲೇನ್ರಿ?’ ‘ಸಪ್ಪಗ ಆಗೈತೇನ್ರಿ?’ ಎಂದು ಕೇಳುತ್ತಿದ್ದಳು. ಒಂದು ತುತ್ತು ಅವಳ ಬಾಯಿಯ ಹತ್ತಿರ ಒಯ್ದರೆ ತುಟಿ ಬಿಗಿಹಿಡಿದು ತಲೆ ಹಿಂದಕ್ಕೆ ತೆಗೆಯುತ್ತಿದ್ದಳು, ಚಿಕ್ಕಂದಿನಲ್ಲಿ ಔಷಧಿ ಬೇಡವೆನ್ನುವಾಗ ಮಾಡುತ್ತಿದ್ದ ಹಾಗೆ. ಪಕ್ಕದ ಫ್ಲಾಟಿನವರ ಮನೆಯಿಂದ ಒಗ್ಗರಣೆಯ ವಾಸನೆ ಬಂದಾಗ ಅವಳು ಎದ್ದು ಕಿಟಕಿ ಹಾಕುತ್ತಿದ್ದಳು.

ನನಗೆ ಕುಡಿಯಬೇಕೆಂಬ ಆಸೆ ಆ ದಿನಗಳಲ್ಲಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತಿತ್ತು, ಗೋದಾಮಿನ ಬಾಗಿಲು ಎಳೆಯುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಗಳು ಹಸಿದು ನನಗಾಗಿ ಕಾಯುತ್ತಿದ್ದಾಳೆ ಎಂಬುದು ನೆನಪಾಗಿ ನೇರವಾಗಿ ಮೆಟ್ರೋ ಹತ್ತುತ್ತಿದ್ದೆ. ಹಾಗೆ ನೋಡಿದರೆ ನನ್ನ ಕುಡಿತ ಬಿಡಿಸಿದ್ದು ಅವಳ ಹಸಿವು. ಅದು ಕೂಡ ನನ್ನ ಬಾಯಿ ಕಟ್ಟಿತು. ಹೇಳಿದರೆ ಅವಳು ಉಣ್ಣುತ್ತಾಳೆ, ಅವಳು ಉಂಡರೆ ನಾನು ಮತ್ತೆ ಯಾದಗಿರಿಯ ಪಕ್ಕ ಹೋಗಿ ನಿಂತರೆ ಏನು ಗತಿ ಎಂದು ನನಗೆ ನಾನೇ ಒಂದು ನೆಪ ಕೊಟ್ಟುಕೊಂಡೆ.

ಅಕ್ಕ ನನ್ನನ್ನು ನೋಡಲು ಬಂದಳು. ಇಲ್ಲಿರುವ ನಮ್ಮ ಕಡೆಯ ನಾಲ್ಕು ಮನೆಯವರನ್ನು ಕರೆದು ಕೂಡಿಸಿಕೊಂಡು, ‘ನೋಡ್ರಿ ಇಕಿನ್ನ. ಅಪ್ಪನ ಹೊರಿ ಇಳಿಸ್ಯಾಳ. ಗಂಡ ಮಗ ಇದ್ರೂ ಮಾಡ್ತಿದ್ದಿಲ್ಲ’ ಎಂದಳು. ಬಂದವರಲ್ಲಿ ಒಬ್ಬ ಹಿರಿಯರು ನನ್ನ ಬೆನ್ನು ತಟ್ಟಿ, ‘ನೀನರ ಏನ ಕಡಿಮಿ? ಹೆಂಡತಿ ಹೆಸರಲೆ ಜೀವನ ಪಣಕ್ಕ ಹಚ್ಚಿದ್ದಿ’ ಎಂದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು. ಅಡುಗೆಮನೆಯಲ್ಲಿ ರೂಪಾ ಅವರೆಲ್ಲರಿಗೂ ಉಪ್ಪಿಟ್ಟು ಮಾಡುತ್ತಿದ್ದಳು, ಸಂಜೆ ಕಳೆದಿತ್ತು, ಅವಳಿಗೆ ಅದರಲ್ಲಿ ಪಾಲಿರಲಿಲ್ಲ.

ಅವಳು ಸೊರಗಿದಳು. ಚೂಡಿದಾರದ ತೋಳು ಸಡಿಲವಾದವು. ಹೊಟ್ಟೆ ಉರಿ ಎಂದು ಬೆಳಿಗ್ಗೆಯೂ ಸರಿಯಾಗಿ ತಿನ್ನುತ್ತಿರಲಿಲ್ಲ. ಒಂದು ಸಂಜೆ ಅವಳ ಆಫೀಸಿನ ಹುಡುಗಿ ಫೋನ್ ಮಾಡಿ, ರೂಪಾ ಅಮೀರ್‌ಪೇಟ್ ನಿಲ್ದಾಣದಲ್ಲಿ ತಲೆ ಸುತ್ತಿ ಕೂತುಬಿಟ್ಟಿದ್ದಳು, ಆಟೋದಲ್ಲಿ ಕರೆತರುತ್ತಿದ್ದೇನೆ ಎಂದಳು. ಅದೇ ನಿಲ್ದಾಣ. ಬಂದು ಮುಖ ತೊಳೆದು ಏನೂ ಆಗಿಲ್ಲವೆನ್ನುವಂತೆ ಹಿಟ್ಟು ಕಲಸಲು ಕೂತಳು. ತಟ್ಟೆ ನನ್ನ ಮುಂದೆ ಬಂತು.

ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. ‘ನೀ ಉಣ್ಣು’ ಎಂದೆ.

‘ಮತ್ತ ಸುರು ಮಾಡಬ್ಯಾಡ್ರಿ ಅಪ್ಪಾ.’

‘ನೀ ಹೊತ್ತದ್ದು ಖಾಲಿ ಐತಿ. ನಾ ಬಿಟ್ಟೇ ಇರಲಿಲ್ಲ.’

ಅವಳಿಗೆ ಅರ್ಥವಾಗಲಿಲ್ಲ. ‘ಅಂದ್ರ?’

‘ಕುಡಿಯೂ ಮುಂದ ದಿನಾ ತಿಂತಿದ್ನಿ. ಹೊಟ್ಟಿ ತುಂಬ ತಿಂದು ಬರ್ತಿದ್ನಿ. ಬಜ್ಜಿ ತಿಂತಿದ್ನಿ. ಮೊಟ್ಟಿ ತಿಂತಿದ್ನಿ.’ ಮುಂದಿನದು ಕನ್ನಡದಲ್ಲಿ ಬರಲಿಲ್ಲ. ಕಲೇಜಿ, ಬೋಟಿ ಎಂದೆ. ಅವು ಅವಳ ಕಿವಿಗೆ ಬರಿಯ ಶಬ್ದ.

‘ಬೋಟಿ ಅಂದ್ರೇನ್ರಿ?’ ಎಂದು ಕೇಳಿದಳು.

ಅವಳು ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಚಿಕ್ಕವಳಿದ್ದಾಗ ಇದೇನು, ಅದೇನು ಎಂದು ಕೇಳುತ್ತಿದ್ದ ಹಾಗೆಯೇ. ಉತ್ತರವನ್ನು ಕನ್ನಡದಲ್ಲಿ ಕೊಡಬೇಕಿತ್ತು, ಅವಳಿಗೆ ಲಿಂಗಪೂಜೆ ಕಲಿಸಿದ ಬಾಯಿಂದ.

‘ಕುರೀ ಕರುಳು’ ಎಂದೆ. ‘ತೊಳದು, ಹೆಚ್ಚಿ, ಎಣ್ಣ್ಯಾಗ ಹುರೀತಾರ.’

ಅವಳ ಕೈಯಲ್ಲಿದ್ದ ನೀರಿನ ಲೋಟ ಹಾಗೆಯೇ ಇತ್ತು. ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೊರಳು ನೋಡಿದಳು.

‘ಅವ್ವ ಇದ್ದಾಗೂ ತಿಂತಿದ್ರಿ?’

‘ಇಲ್ಲವಾ. ಅಕಿ ಇದ್ದಾಗ ಶೇಂಗಾ ಅಷ್ಟ. ರಾತ್ರಿ ಊಟಾ ಬಿಟ್ಟ ಮ್ಯಾಲ ಸುರು ಆತು. ಹಸಿವಿಗೆ.’

‘ಅಂದ್ರ ಅವ್ವನ ಹೆಸರಲೇ ತಿಂದಂಗಾತು’ ಎಂದಳು.

ಇಷ್ಟು ವರ್ಷದಲ್ಲಿ ನನ್ನನ್ನು ಬೈದವರು ಬಹಳ ಜನ. ಅಂಗಡಿಯ ಸೇಠ್ ಬೈದಿದ್ದಾನೆ, ಡಾಕ್ಟರು ಬೈದಿದ್ದಾರೆ. ಆ ಒಂದು ಮಾತಿನಷ್ಟು ಯಾವುದೂ ಒಳಗೆ ಇಳಿದಿಲ್ಲ. ಈಗಲೂ ಬೆಳಿಗ್ಗೆ ಮಾತ್ರೆ ನುಂಗುವಾಗ ಅದು ಕಿವಿಯಲ್ಲಿ ಕೇಳುತ್ತದೆ. ಕುಡಿಯುವವರಿಗೆ ನಾನು ಬುದ್ಧಿ ಹೇಳುವವನಲ್ಲ. ಎದೆ ಹಿಂಡಿದಾಗ ಬಾಯಿ ಮುಚ್ಚಿಕೊಳ್ಳಬೇಡಿ. ಏನು ತಿಂದಿರಿ ಎಂದು ಕೇಳಿದಾಗ ನಿಮ್ಮ ಮನೆಯವರು ಉತ್ತರ ಕೊಡುವ ಮೊದಲು ನೀವು ಕೊಡಿ. ನೀವು ಕೊಡದ ಉತ್ತರವನ್ನು ಮನೆಯಲ್ಲಿ ಯಾರೋ ಒಬ್ಬರು ತಮ್ಮ ಮೈಮೇಲೆ ಹೊರುತ್ತಾರೆ. ಇಷ್ಟು ಹೇಳಬಲ್ಲೆ.

ರೂಪಾ ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದಾಯಿತು. ಅಳುತ್ತಿದ್ದಾಳೆ ಎಂದುಕೊಂಡೆ, ಏಳಲು ಧೈರ್ಯವಾಗಲಿಲ್ಲ. ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಯ, ನನಗೆ ಕೊಡುವುದನ್ನು ನಿಲ್ಲಿಸಿದ್ದ ಶೇಂಗಾ ಚಟ್ನಿ, ಉಪ್ಪಿನಕಾಯಿ ಎಲ್ಲ ಹಾಕಿಕೊಂಡು ಬಂದು ನನಗೆ ಬೆನ್ನು ಹಾಕಿ ಕೂತಳು. ರೊಟ್ಟಿ ಮುರಿಯುವ ಸದ್ದು ಕೇಳಿತು. ಸಿಟ್ಟಿನಿಂದ, ಅಗಿಯುವುದಕ್ಕೂ ಬಿಡುವಿಲ್ಲದಂತೆ ಉಂಡಳು. ನಾನೂ ನನ್ನ ತಟ್ಟೆ ಎಳೆದುಕೊಂಡೆ.

ನಡುವೆ ಅವಳ ಫೋನ್ ಬಡಿಯಿತು. ಅಕ್ಕ. ತಲೆ ಸುತ್ತಿದ ಸುದ್ದಿ ಹೇಗೋ ಅವಳವರೆಗೆ ಹೋಗಿತ್ತು. ರೂಪಾ ಎಡಗೈಯಿಂದ ಸ್ಪೀಕರ್ ಒತ್ತಿದಳು.

‘ಏನ ಮಾಡಾಕತ್ತಿ ನನ್ನವ್ವಾ? ಮಕ್ಕೊಂಡಿಯೇನ?’

‘ಉಣ್ಣಾಕತ್ತೀನ್ರಿ ಅತ್ತಿ.’

‘ಉಣ್ಣಾಕತ್ತಿ? ರಾತ್ರಿ? ಬಿಟ್ಟಿದ್ದೆಲ್ಲಾ?’

ಅವಳು ತಿರುಗಿ ನನ್ನನ್ನು ನೋಡಿದಳು, ಬೆನ್ನು ಹಾಕಿ ಕೂತ ಮೇಲೆ ಅದೇ ಮೊದಲ ಸಲ. ಈಗ ಹೇಳುತ್ತಾಳೆ, ಹೇಳಲಿ ಎಂದುಕೊಂಡೆ. ಅವಳ ತುಟಿಗೆ ಚಟ್ನಿ ಮೆತ್ತಿತ್ತು.

‘ನನಗ ತಡಕೊಳ್ಳಾಕ ಆಗಲಿಲ್ರಿ ಅತ್ತಿ’ ಎಂದಳು. ‘ಹಸಿವಾತು. ಉಂಡೆ.’

‘ಅಯ್ಯ ಖೋಡಿ! ನಾಲಿಗಿ ಚಪಲಕ್ಕ ಅವ್ವನ ಹೆಸರ ಮಣ್ಣ ಮಾಡಿದೆಲ್ಲೇ? ಊರಾಗ ಮಂದಿ ಮುಂದ ಏನಂತ ಹೇಳಲಿ? ನಿಮ್ಮಪ್ಪ ಸಾಯೂ ಹಂತಕ್ಕ ಬಂದ್ರೂ ಮುರದಿರಲಿಲ್ಲ. ನೀ ಎರಡ ತಿಂಗಳ ಇರಲಿಲ್ಲ...’

ರೂಪಾ ತಲೆ ತಗ್ಗಿಸಿ ರೊಟ್ಟಿಯ ತುಣುಕೊಂದನ್ನು ಚಟ್ನಿಯಲ್ಲಿ ಒತ್ತುತ್ತಾ ಬೈಸಿಕೊಳ್ಳುತ್ತಿದ್ದಳು. ನಾನು ಎಂಜಲು ಕೈಯಲ್ಲೇ ಎದ್ದು, ಅವಳ ಹತ್ತಿರ ಹೋಗಿ ಕೂತು, ಫೋನನ್ನು ಎತ್ತಿಕೊಂಡೆ.

‘ಅಕ್ಕಾ, ಅಕಿನ್ನ ಬೈಬ್ಯಾಡ’ ಎಂದೆ. ‘ನಾ ಈರಣ್ಣ ಮಾತಾಡಾಕತ್ತೀನಿ. ಸ್ವಲ್ಪ ಕುಂಡ್ರು, ಹೇಳ್ತೀನಿ.’